ಮಣ್ಣಿನ ಲಿಂಗಕ್ಕೆ ಒಂದು ಅಂಗೈ

ಎರೆಮಣ್ಣಿಗೆ ದುಡ್ಡಿಲ್ಲ, ಹಿತ್ತಲಲ್ಲಿ ಬೇಕಾದಷ್ಟಿದೆ. ಹುಣಸೆ ಬೀಜಕ್ಕೂ ಇಲ್ಲ; ಹಣ್ಣು ಕುಟ್ಟಿದ ಮೇಲೆ ಹೇಗೂ ಚೆಲ್ಲುವಂಥದ್ದು. ಜೋಳದ ದಂಟನ್ನು ದನದ ಮುಂದಿನಿಂದ ಎಳೆದುಕೊಂಡರಾಯಿತು. ಬಳೆಗಾರ ಬಂದು ಹೋದ ಮರುದಿನ ಬಳೆಚೂರು ಅಂಗಳದಲ್ಲೇ ಸಿಗುತ್ತದೆ. ಕೊಂಡು ತರಿಸಿದ್ದು ಅಕ್ಕಲಕೋಟೆಯ ಸಂತೆಯಿಂದ ಒಂದು ದುಡ್ಡಿನ ಕೆಮ್ಮಣ್ಣು ಮಾತ್ರ. ನಾಲ್ಕು ವರ್ಷದ ಮಗಳನ್ನು ಮಳೆಗಾಲವಿಡೀ ಮನೆಯೊಳಗೆ ಆಡಿಸಲು ಮುಕ್ತಾಬಾಯಿಗೆ ಬಂದ ಖರ್ಚು ಅಷ್ಟೇ.

ಮಗಳ ಎಡಗೈ ಕಟ್ಟಿದ ಪಟ್ಟಿಗೂ ಖರ್ಚಿರಲಿಲ್ಲ. ಅದು ಅತ್ತೆಯ ಹಳೆಯ ಸೀರೆಯ ಅಂಚು.

ಅದು ೧೯೩೧ರ ಮಳೆಗಾಲ. ಚಪಳಗಾಂವದ ಆ ಲಿಂಗವಂತರ ಮನೆಯಲ್ಲಿ ಹೊಲ, ಎತ್ತು, ಕಾಳು ಎಲ್ಲ ಇದ್ದವು. ಸೊಸೆ ಹೊಸ್ತಿಲು ದಾಟುವ ರೂಢಿ ಮಾತ್ರ ಇರಲಿಲ್ಲ. ಮಗಳು ಅಕ್ಕನಾಗಮ್ಮ, ಎಲ್ಲರ ಬಾಯಲ್ಲಿ ಅಕ್ಕು, ಹುಟ್ಟಾ ಎಡಚಿ. ಮನೆಯಲ್ಲಿ ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಆದರೆ ಬೇಸಿಗೆಯಲ್ಲಿ ತಡವಳದ ಮದುವೆಯ ಪಂಕ್ತಿಯಲ್ಲಿ ಅಕ್ಕು ಎಡಗೈಯಿಂದ ತುತ್ತು ಎತ್ತಿದಾಗ, ಎದುರಿಗೆ ಕೂತ ಹೆಂಗಸೊಬ್ಬಳು ಅಜ್ಜಿಯನ್ನು ಕೇಳಿದಳು:

"ಗುರುಲಿಂಗಮ್ಮಾ, ನಿನ್ನ ಮೊಮ್ಮಗಳು ತೊಳಕೊಳ್ಳೂ ಕೈಲೆ ಉಣ್ತಾಳಲ್ಲ, ಉಣ್ಣೂ ಕೈಲೆ ಏನ ಮಾಡ್ತಾಳವಾ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮರುದಿನ ಬೆಳಿಗ್ಗೆ ಗುರುಲಿಂಗಮ್ಮ ಮೊಮ್ಮಗಳ ಎಡಗೈಯನ್ನು ನಡುವಿಗೆ ಸೇರಿಸಿ ಕಟ್ಟಿದಳು. ಹೊರೆ ಕಟ್ಟುವ ಗಂಟು ಅದು. ಎದ್ದಾಗ ಕಟ್ಟಿದರೆ ಮಲಗುವಾಗ ಬಿಚ್ಚುವುದು.

"ಅತ್ತೀ, ಆಡೂವಾಗರೆ ಬಿಚ್ಚೂಣ್ರಿ," ಎಂದಳು ಮುಕ್ತಾಬಾಯಿ.

"ಆ ಕೈ ಹೊಲಸ. ನಾಳಿ ಕೊಟ್ಟ ಮನ್ಯಾಗ ಆ ಕೈಲೆ ನೀಡಿದರ ತಾಟು ಅಂಗಳಕ್ಕ ಒಗೀತಾರ. ನೀ ಹೋಗಿ ಎತ್ತಕೊಂಡ ಬರ್ತೀಯೇನ?"

ಗಂಡ ಸಾತಲಿಂಗಪ್ಪನಿಗೆ ಹೇಳಿದರೆ, "ಅವ್ವ ಹೇಳೂದು ಖರೇ ಐತಿ," ಎಂದು ಬಾರಕೋಲು ಹೆಗಲಿಗೇರಿಸಿ ಹೊಲಕ್ಕೆ ಹೋದ. ಅಲ್ಲಿಗೆ ಮಾತು ಮುಗಿಯಿತು.

ಇನ್ನು ಉಳಿದದ್ದು ಆಟ. ಹುಣಸೆ ಬೀಜ ಎಣಿಸುವುದು, ಬಳೆಚೂರು ಬಣ್ಣಬಣ್ಣವಾಗಿ ಬೇರೆ ಮಾಡುವುದು, ಕೆಮ್ಮಣ್ಣಿನ ನೀರಲ್ಲಿ ಗೋಡೆಗೆ ಗೆರೆ ಎಳೆಯುವುದು. ಇವೆಲ್ಲ ಒಂದು ಕೈಯಲ್ಲಿ ಹೇಗೋ ನಡೆದವು. ಮಣ್ಣೆತ್ತು ನಡೆಯಲಿಲ್ಲ. ಅಕ್ಕು ಒಂದೇ ಕೈಯಲ್ಲಿ ಒತ್ತಿದರೆ ಎತ್ತು ನೆಲಕ್ಕಂಟಿ ರೊಟ್ಟಿಯಾಗುತ್ತಿತ್ತು. ಮುಕ್ತಾಬಾಯಿ ಮಗಳ ಎಡಕ್ಕೆ ಸರಿದು ಕೂತು ತನ್ನ ಕೈ ಚಾಚಿದಳು.

"ನಾ ನಿನ್ನ ಎಡಗೈ. ಹೇಳವಾ, ಏನ ಮಾಡ್ಲಿ?"

"ಹಿಡಿ. ಒತ್ತು. ಹಂಗಲ್ಲಬೇ, ಕೋಡು ಮುರೀತಿ!"

ಹೀಗೆ ಎತ್ತಾಯಿತು, ದಂಟಿನ ಬಂಡಿಯೂ ಆಯಿತು. ಆದರೆ ಕಾರಹುಣ್ಣಿವೆ ಕಳೆಯುತ್ತಲೇ ಅಕ್ಕುವಿನ ಮಾತು ತಡವರಿಸತೊಡಗಿತು. ಮೊದಲು "ಎ-ಎ-ಎತ್ತು" ಎಂದಳು. ಶ್ರಾವಣದ ಹೊತ್ತಿಗೆ ಮಾತೇ ಬಿಟ್ಟು ಗದ್ದದಿಂದ ತೋರಿಸತೊಡಗಿದಳು. ಗುರುಲಿಂಗಮ್ಮ ನಾಲಿಗೆಗೆ ಬಜೆ ತೇಯ್ದು ಹಚ್ಚಿದಳು. ಕೈ ಕಟ್ಟುವ ತನಕ ಈ ನಾಲಿಗೆ ಹರಳು ಹುರಿದಂತೆ ಮಾತಾಡುತ್ತಿತ್ತೆಂದು ಮುಕ್ತಾಬಾಯಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳುವ ಬಾಯಿ ಸೊಸೆಗೆ ಇರಲಿಲ್ಲ. ಹೊರಗೆ ಎರೆ ಮೊಣಕಾಲುದ್ದ ಕೆಸರಾಗಿತ್ತು. ಒಳಗೆ ಇಬ್ಬರು, ಮೂರು ಕೈ.

ಒಂದು ದಿನ ಕೊಟ್ಟಿಗೆಯ ಮೂಲೆಯಲ್ಲಿ ಅಕ್ಕು ಕಣ್ಣು ಅರೆಮುಚ್ಚಿ ಕೂತಿದ್ದಳು. ಬಲ ಅಂಗೈಯ ಮೇಲೆ ಎರೆಮಣ್ಣಿನ ಪುಟ್ಟ ಉಂಡೆ; ಅವಳು ಆಯಿ ಎಂದು ಕರೆಯುವ ಅಜ್ಜಿಯ ಲಿಂಗದ್ದೇ ಕರಿ ಬಣ್ಣ. ಪತ್ರಿ ಏರಿಸಲು ಇನ್ನೊಂದು ಕೈ ಇಲ್ಲ. ಬಗ್ಗಿ, ನೆಲದ ಎಲೆಯನ್ನು ತುಟಿಯಲ್ಲಿ ಕಚ್ಚಿ ಎತ್ತಿ, ಉಂಡೆಯ ಮೇಲೆ ಬಿಟ್ಟಳು. "ನಾ ನಿನ್ನ ಕೈ" ಎನ್ನಲು ಹೋದ ಮುಕ್ತಾಬಾಯಿ ಬಾಯಿ ಮುಚ್ಚಿಕೊಂಡಳು.

ಮರುದಿನ ಅತ್ತೆ ಪೂಜೆಗೆ ಕೂತಾಗ, ಎದುರಿಗೆ ಒಂದು ಸಣ್ಣ ಮಣೆ ಹಾಕಿ ಮಗಳನ್ನು ಕೂರಿಸಿದಳು. ಮಣ್ಣುಂಡೆ ಇಟ್ಟಳು, ಎರಡು ಎಲೆ ಇಟ್ಟಳು, ಬಾಗಿಲ ಬಳಿ ಜೋಳ ಕೇರುತ್ತ ಕೂತಳು.

ಗುರುಲಿಂಗಮ್ಮ ಎಡ ಅಂಗೈಯಲ್ಲಿ ಲಿಂಗ ಹಿಡಿದು, ಬಲಗೈಯಿಂದ ವಿಭೂತಿ ಹಚ್ಚಿ, ಪತ್ರಿ ಏರಿಸಿ ಕಣ್ಣು ತೆರೆದರೆ, ಎದುರಿಗೆ ಮೊಮ್ಮಗಳು ಎಲೆ ಕಚ್ಚಿಕೊಂಡಿದ್ದಾಳೆ.

"ಅಯ್ಯ ಶಿವನ! ಎಂಜಲ ಮಾಡಿ ಏರಸ್ತಾರೇನ? ಮತ್ತ ಬಲಗೈಯಾಗ ಲಿಂಗ ಹಿಡೀತಾರೇನ ಹುಚ್ಚಿ? ಎಡಗೈಯಾಗ ಇಟ್ಟಕೊ!"

ಅಕ್ಕು ನಡುವಿಗಂಟಿದ ತನ್ನ ಕೈ ನೋಡಿದಳು. ಆಯಿಯ ಕೈ ನೋಡಿದಳು. ಎಷ್ಟೋ ದಿನದ ಮೇಲೆ ಬಾಯಿ ತೆರೆದಳು.

"ಆಯಿ, ಎ-ಎಡಗೈ ಹ-ಹೊಲಸ."

ಜೋಳ ಕೇರುವ ಸದ್ದು ನಿಂತಿತು. ಗುರುಲಿಂಗಮ್ಮ ಬಲಗೈ ಚಾಚಿ ಮೊಮ್ಮಗಳ ಗಂಟಿಗೆ ಹಾಕಿದಳು. ಎಡಗೈಯಲ್ಲಿ ಲಿಂಗ ಇತ್ತು, ಅದನ್ನು ಕದಲಿಸುವಂತಿರಲಿಲ್ಲ. ತಾನೇ ಹಾಕಿದ ಗಂಟು ಒಂದು ಕೈಗೆ ಸಡಿಲಲಿಲ್ಲ. ಎಳೆದಳು, ಉಗುರಲ್ಲಿ ಕೆದಕಿದಳು.

"ಮುಕ್ತಾ, ಬಾ ಇಲ್ಲಿ. ಇದನ್ನ ಬಿಚ್ಚು."

"ಎಲ್ಲೀತನಾರಿ, ಅತ್ತಿ?"

"ಅದರ ಪೂಜಿ ಮುಗಿಯೂತನ."

ಅಕ್ಕುವಿನ ಪೂಜೆ ಆ ದಿನ ಮಧ್ಯಾಹ್ನವಾದರೂ ಮುಗಿಯಲಿಲ್ಲ. ಲಿಂಗದ ಪಕ್ಕ ಎತ್ತು ಬಂತು, ಎತ್ತಿಗೆ ಮೇವು ಹಾಕುವ ಗೋದಲಿ ಬಂತು, ಎಲ್ಲ ಎರಡೂ ಕೈಯಿಂದ.

"ಯಾರ ಕಲಿಸ್ಯಾರ ಇದಕ್ಕ ಈ ಆಟ?" ಎಂದಳು ಗುರುಲಿಂಗಮ್ಮ, ಸೊಸೆಯ ಮುಖವನ್ನೇ ನೋಡುತ್ತ.

"ನಿಮ್ಮನ್ನ ನೋಡೇ ಕಲ್ತಾಳ್ರಿ."

ಮುದುಕಿ ಊಟದ ಹೊತ್ತಿಗೆ ಪಟ್ಟಿ ತಂದು ಮತ್ತೆ ಕಟ್ಟಿದಳು. ಉಂಡ ಮೇಲೆ ತಾನೇ ಬಿಚ್ಚಿದಳು. ಅಂದಿನಿಂದ ಅದೇ ಕಟ್ಟಳೆಯಾಯಿತು. ಮುಕ್ತಾಬಾಯಿ ಅದಕ್ಕಿಂತ ಹೆಚ್ಚು ಕೇಳಲು ಹೋಗಲಿಲ್ಲ; ಕೇಳಿದರೆ ಇದೂ ಹೋದೀತು.

ಸಿಕ್ಕಿದ್ದು ಆಟಕ್ಕೆ ಎರಡು ಕೈ, ದೀಪಾವಳಿಯ ಹೊತ್ತಿಗೆ ಮರಳಿ ಬಂದ ಮಾತು. ಹೋದದ್ದು ಊಟದ ಹೊತ್ತಿನ ಮಾತು. ತಾಟಿನ ಮುಂದೆ ಕೂತರೆ ಅಕ್ಕು, ತಾನೂ ಇನ್ನೊಂದು ಮನೆಯ ಸೊಸೆಯಾದ ಮೇಲೂ, ತೊದಲುತ್ತಿದ್ದಳು.