ಕೊಟ್ಟದ್ದು, ಇಟ್ಟುಕೊಂಡದ್ದು

ಕಿಟಕಿಯ ಬಿಸಿಲಿನಲ್ಲಿ ಐದು ಬೆರಳು ಕುಣಿಯುತ್ತಿವೆ, ಗಾಳಿಯಿಂದ ಕಾಣದ ನೂಲು ತೆಗೆಯುವ ಹಾಗೆ, ಕಣ್ಣಿನ ಮಗ್ಗುಲಲ್ಲೇ — ಅಯ್ಯ, ಮಿಲಿಂದ ಯಾವಾಗ ತೊಡೆಯಿಂದ ಇಳಿದು ಅಲ್ಲಿಗೆ ಹೋದ ಎಂದು ಶೇವಂತಾಬಾಯಿ ಏಳಹೋದಳು, ತೊಡೆ ಭಾರವಾಗಿತ್ತು, ಮೊಮ್ಮಗ ತೊಡೆಯ ಮೇಲೆಯೇ ಇದ್ದಾನೆ, ಅವನ ಬೆರಳೂ ಅವನ ಕಣ್ಣಿನ ಮಗ್ಗುಲಲ್ಲಿ ಹಾಗೆಯೇ ಕುಣಿಯುತ್ತಿವೆ, ಹಾಗಾದರೆ ಕಿಟಕಿಯ ಹತ್ತಿರ ಇರುವುದು ಯಾರು, ಒಂದು ಹೆಣ್ಣುಕೂಸು, ಹಳದಿ ಫ್ರಾಕು, ತುದಿಗಾಲ ಮೇಲೆ ನಿಂತಿದೆ, ಮಿಲಿಂದನೂ ತುದಿಗಾಲಲ್ಲೇ ನಡೆಯುವುದು, ಕರೆದರೆ ತಿರುಗುವುದಿಲ್ಲ, ಮಾತಿಲ್ಲ, ಸರಿ, ಇದರಲ್ಲೇನಿದೆ, ಬೀದರಿನ ಈ ದವಾಖಾನೆಯ ದೊಡ್ಡ ಕೋಣೆಯಲ್ಲಿ ಕೂತವರ ಮನೆಯಲ್ಲೆಲ್ಲ ಇಂಥದೊಂದು ಕೂಸಿದೆ, ಆಟಿಸಂ ಅನ್ನುತ್ತಾರೆ, ಅದಕ್ಕೇ ತಾಯಿಯದು, ತಂದೆಯದು, ಕೂಸಿನದು ಅಂತ ರಕ್ತ ತೆಗೆಯುತ್ತಿದ್ದಾರೆ, ಡಾಕ್ಟರು ಕುಮುದಿನಿ ಬಾಯಿ ಮುಂಜಾನೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರಲ್ಲ, ಒಂದೊಂದ ಗುಣದ ಬೀಜ ತಾಯಿ ಹತ್ರ ಒಂದ ಜೋಡಿ ಇರ್ತದ್ರಿ, ತಂದಿ ಹತ್ರ ಒಂದ ಜೋಡಿ, ಕೂಸಿಗಿ ಇಬ್ರೂ ಒಂದೊಂದ ಕೊಡ್ತಾರ, ಒಂದೊಂದ ತಮ್ಮಲ್ಲೇ ಇಟ್ಕೋತಾರ, ಕೊಟ್ಟಿದ್ದು ಯಾವ್ದು, ಇಟ್ಕೊಂಡಿದ್ದು ಯಾವ್ದು ಅಂತ ರಕ್ತದಾಗ ನೋಡ್ತೇವಿ, ಸುಮ್ನ ಬಂದಿದ್ದಾದ್ರ ಎರಡೂ ಸಮಾ ಸಮಾ ಇರಬೇಕು, ನೂರಾರು ಮನಿ ಎಣಿಸಿದಾಗ ಒಂದ ನಮೂನಿದ್ದೇ ಇಂಥಾ ಮಕ್ಕಳಿಗಿ ಜಾಸ್ತಿ ಹೋಗಿದ್ರ, ಬೇರು ಅಲ್ಲೇ ಅದ ಅಂತ ಹಿಡೀಬಹುದು. ಹಿಂದಿನ ಬೆಂಚಿನಿಂದ ಯಾರೋ ಒಬ್ಬ ಕೇಳಿದ, ನಮ್ಮ ಒಂದ ಮನಿ ನೋಡಿದ್ರ ಸಾಲದೇನ್ರಿ ಬಾಯಿ, ಸಾಲಂಗಿಲ್ಲ ಕಾಕಾ, ರೂಪಾಯಿ ಒಮ್ಮಿ ಚಿಮ್ಮಿದ್ರ ಏನ್ ತಿಳೀತದ, ಮತ್ತ ಒಂದೇ ಬೇರಿನವ್ರನ್ನ ಎರಡ ಬ್ಯಾರೆ ಮನಿ ಅಂತ ಎಣಿಸಿದ್ರ ಲೆಕ್ಕನೇ ಸುಳ್ಳ ಹೇಳ್ತದ, ಅದಕ್ಕ ಬಂದವ್ರಾಗ ಸಂಬಂಧಿಕರಿದ್ರ ಮೊದಲೇ ಹೇಳ್ರಿ. ಸೊಸೆ ಕೌಸಲ್ಯಾ ಪಕ್ಕದಲ್ಲಿ ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು ಕೂತಿದ್ದಾಳೆ, ಮಗ ವೈಜಿನಾಥ ರಕ್ತ ಕೊಟ್ಟವನೇ ಹೈದರಾಬಾದಿನ ಬಸ್ಸಿಗೆ ಓಡಿದ, ಮಾಂಜ್ರಾ ಹೊಳೆ ಬತ್ತಿದ ಮೇಲೆ ಅಲ್ಲೇ ಗಾರೆ ಕೆಲಸ, ಓಣಿಯ ಅರ್ಧ ಜನ ಅಲ್ಲೇ, ಉಳಿದವರೆಲ್ಲ ಹೆಂಡತಿಯನ್ನು ಕರಕೊಂಡು ಹೋದರು, ಇವನು ಒಲ್ಲೆ ಅಂದ, ಇದು ನಿಮ್ಮ ತವರಮನಿ ರಕ್ತ, ನಿಮ್ಮ ಕಾಕಾ ಮಾತಾಡ್ತಿದ್ದಿಲ್ಲ, ಡಾಕ್ಟರ್ರೂ ಅದೇ ಅಂದ್ರ ನಿನ್ನ ತವರಿಗಿ, ಭಾಲ್ಕಿಗಿ ಬಿಟ್ಟು ಬರ್ತೇನಿ ನೋಡು, ಆಗ ಶೇವಂತಾಬಾಯಿ ಒಲೆಯ ಮುಂದೆ ಇದ್ದಳು, ಸುಮ್ಮನಿದ್ದಳು, ನಮ್ಮ ಕಡೆ ಇಂಥದು ಯಾರಿಗಿತ್ತು, ಯಾರಿಗೂ ಇರಲಿಲ್ಲ.

ಛಕುಲೀ, ಬಿಸಲಾಗ ನಿಂದ್ರಬ್ಯಾಡ, ಇತ್ತ ಬಾ — ಬಾಗಿಲಲ್ಲಿ ಒಬ್ಬ ಗಂಡಸು, ಕೈಯಲ್ಲಿ ಬಿಸ್ಕೀಟಿನ ಪುಡಿಕೆ, ಅವನು ಈ ಕಡೆ ಮುಖ ತಿರುಗಿಸಿದ. ಕಾಶೀರಾಮ. ಗಂಡ. ನಮ್ಮೂರು ಸಾಯಗಾಂವದ ಹಳ್ಳದ ದಂಡೆಯಲ್ಲಿ ಸುಟ್ಟು ಬೂದಿಯಾದವನು ಕೂದಲು ಕಪ್ಪು ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಅದೇ ಎಡಹುಬ್ಬಿನ ಏರು, ನಗದಿದ್ದರೂ ನಕ್ಕಂತಿರುವ ಅದೇ ತುಟಿ, ಅದೇ ಒಂದು ಭುಜ ತಗ್ಗು, ವೈಜಿನಾಥನಿಗೂ ಇಷ್ಟು ಬಂದಿಲ್ಲ ತಂದೆಯ ಮುಖ, ಮುಪ್ಪಿನ ಕಣ್ಣು, ಪೊರೆ ಬಂದ ಕಣ್ಣು, ಏನೇನೋ ತೋರಿಸುತ್ತದೆ ಅಂದುಕೊಂಡಳು, ಅವನು ಬಂದು ಪಕ್ಕದ ಬೆಂಚಿನಲ್ಲೇ ಕೂತ, ಹುಡುಗಿಯ ಬೆರಳನ್ನೂ ಮಿಲಿಂದನ ಬೆರಳನ್ನೂ ನೋಡಿ ನಕ್ಕ, ಆಯಿ, ನಿಮ್ಮ ಮೊಮ್ಮಗ, ನಮ್ಮ ಛಕುಲಿ ಇಬ್ರೂ ಒಂದ ಮಾಸ್ತರನ ಕೈಯಾಗ ಕಲ್ತಂಗ ಅದಾರಲ್ರೀ, ಕೌಸಲ್ಯಾ ಎಷ್ಟೋ ದಿನದ ಮೇಲೆ ನಕ್ಕಳು, ಹೌದ್ರಿ ಅಣ್ಣಾ, ಫೀ ಮಾತ್ರ ಬ್ಯಾರೆ ಬ್ಯಾರೆ ಕೊಡ್ಲತ್ತೀವಿ, ಇಬ್ಬರೂ ನಗುತ್ತಾರೆ, ಶೇವಂತಾಬಾಯಿಗೆ ನಗು ಬರುವುದಿಲ್ಲ, ರಕ್ತ ತೆಗೆಯುವ ಆಬೇದಾ ಅಲ್ಲಿಂದಲೇ ಕೂಗುತ್ತಾಳೆ, ಅಣ್ಣಾ ನಿಮ್ಮ ಹೆಸರು, ಗೋರಖನಾಥ ರೀ, ಊರು, ಡಾಬಕಾ, ಔರಾದ ತಾಲೂಕ, ಅವ್ವನ ಹೆಸರು, ಕೇಶರಬಾಯಿ, ಅದಾರೇನ್ರಿ, ಅದಾಳ, ಹಾಸಿಗಿ ಹಿಡದಾಳ, ನಾ ಉಣಿಸಿದ್ರನೇ ಬಾಯಿ ತೆಗೀತಾಳ, ಹೆಂಡ್ತಿ ಕೈಲೆ ಒಲ್ಲೆ ಅಂತಾಳ, ಅದಕ್ಕ ಲಗೂ ಬಿಡ್ರಿ ನನಗ.

ಡಾಬಕಾ, ಕೇಶರಬಾಯಿ, ಕೇಶರ — ಉದಗೀರ ಕಡೆಯ ರಸ್ತೆ, ಎಪ್ಪತ್ತೆರಡರ ಬರ, ಉದ್ದಕ್ಕೂ ಹೆಂಗಸರು ಕೂತು ಖಡಿಕಲ್ಲು ಒಡೆಯುತ್ತಿದ್ದಾರೆ, ಮಧ್ಯಾಹ್ನ ಸರಕಾರದ ಸುಕಡಿ ಹಿಟ್ಟು ಬೊಗಸೆಯಲ್ಲಿ, ವೈಜಿನಾಥ ಆಗ ಸೆರಗು ಹಿಡಿದು ನಡೆಯುವಷ್ಟು, ಚಿಕ್ಕದು ಹಸಿಗೂಸು, ಮೊಲೆಯಲ್ಲಿ ಹನಿಯಿಲ್ಲ, ಅತ್ತೂ ಅತ್ತೂ ಕೂಸಿನ ದನಿ ಬೆಕ್ಕಿನ ಮರಿಯದಾಗಿತ್ತು, ಪಕ್ಕದಲ್ಲಿ ಕಲ್ಲೊಡೆಯುವ ಕೇಶರ, ಅವಳ ಕೂಸು ದಾರಿಯಲ್ಲೇ ತೀರಿತ್ತು, ಹಾಲು ರವಿಕೆ ತೋಯಿಸುತ್ತಿತ್ತು, ತಾ ಇಲ್ಲಿ ಅಂದಳು, ತಗೊಂಡಳು, ಕುಡಿಸಿದಳು, ಮಳೆಗಾಲ ಬರುವ ಹೊತ್ತಿಗೆ ಅದು ಅವಳ ಮುಖ ನೋಡಿ ನಗುತ್ತಿತ್ತು, ತಂಗೀ, ನನ್ನ ಉಡಿಯಾಗ ಹಾಕಿಬಿಡು, ನಿನಗ ಒಂದ ಅದ, ನನಗ ಯಾರಿಲ್ಲ, ಹಾಕಿದಿ ಅಂದ್ರ ಮತ್ತ ಡಾಬಕಾದ ದಾರಿ ತುಳೀಬ್ಯಾಡ, ನೀ ಹಡದಾಕಿ ಅಂತ ಅವಂಗ ಎಂದೂ ತಿಳೀಬಾರ್ದು, ಅನ್ನದ ಆಣಿ, ಕಾಶೀರಾಮ ಬೆನ್ನು ತಿರುಗಿಸಿ ನಿಂತಿದ್ದ, ಅನ್ನದ ಆಣಿ ಅಂದಳು ಶೇವಂತಾ, ಕೂಸು ಮಾತ್ರ ಅವಳ ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಿತ್ತು, ಬಿಡಲೊಲ್ಲದು, ಕೇಶರ ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬಿಡಿಸಿದಳು, ಹೆಬ್ಬೆರಳು ಕಡೆಗೆ. ಆಮೇಲೆ ಆ ದಾರಿ ತುಳಿಯಲಿಲ್ಲ. ಒಂದನ್ನು ಕೊಟ್ಟೆ, ಒಂದನ್ನು ಇಟ್ಟುಕೊಂಡೆ — ಕೊಟ್ಟದ್ದರ ಹೊಟ್ಟೆಯಲ್ಲೂ ಇದೇ ಬಂತು, ಇಟ್ಟುಕೊಂಡದ್ದರ ಹೊಟ್ಟೆಯಲ್ಲೂ ಇದೇ ಬಂತು, ಇದು ಕೌಸಲ್ಯಾಳ ಭಾಲ್ಕಿಯಿಂದ ಬಂದದ್ದಲ್ಲವಲ್ಲ, ಡಾಬಕಾಕ್ಕೆ ಭಾಲ್ಕಿಯ ರಕ್ತ ಯಾವ ದಾರಿಯಲ್ಲಿ ಹೋಗುತ್ತದೆ, ಹೋದದ್ದು ಒಂದೇ ದಾರಿ, ನನ್ನದು, ನನ್ನದೋ ಕಾಶೀರಾಮನದೋ, ಒಟ್ಟು ನಮ್ಮಿಬ್ಬರ ಜೋಡಿಯದು, ಒಲೆಯ ಮುಂದೆ ಸುಮ್ಮನೆ ಕೂತೆನಲ್ಲ, ಆ ಸೊಸೆ ಹುಡುಗಿ ರೊಟ್ಟಿ ತಟ್ಟುತ್ತ ಕಣ್ಣೀರು ಹಿಟ್ಟಿಗೆ ಬೀಳದ ಹಾಗೆ ಮುಖ ತಿರುಗಿಸುತ್ತಿತ್ತು.

ಬರ್ರಿ ಅಣ್ಣಾ ಅಂದಳು ಆಬೇದಾ, ಗೋರಖನಾಥ ಎದ್ದು ಬಾಗಿಲ ಕಡೆಯ ಮೇಜಿಗೆ ಹೋಗಿ ತೋಳು ಚಾಚಿದ, ತಲೆಯ ಮೇಲೆ ಫ್ಯಾನು ಗಡಗಡ ಅನ್ನುತ್ತಿದೆ, ಇತ್ತ ಕುಮುದಿನಿ ಬಾಯಿ ಬಗ್ಗಿ ಕೇಳುತ್ತಿದ್ದಾರೆ, ಆಯಿ, ಇಲ್ಲಿ ಬಂದವ್ರಾಗ ನಿಮ್ಮ ರಕ್ತಸಂಬಂಧದವ್ರು ಯಾರರ ಅದಾರೇನ್ರಿ, ಇಲ್ರಿ ಅನ್ನುತ್ತಾಳೆ ಕೌಸಲ್ಯಾ, ನಮ್ಮವ್ರು ಯಾರೂ ಇಲ್ರಿ, ನಿಮಗಲ್ಲವ್ವ, ಆಯಿಗಿ ಕೇಳ್ಲತ್ತೀನಿ, ಇಲ್ಲ ಅಂದರೆ ಮುಗಿಯಿತು, ಆಣೆ ಉಳಿಯಿತು, ಹಾಸಿಗೆಯಲ್ಲಿ ಕೇಶರ ಮಗನ ಕೈಯ ತುತ್ತಿಗೆ ಬಾಯಿ ತೆರೆದು ಕಾಯುತ್ತಿದ್ದಾಳೆ, ಇಲ್ಲ ಅಂದರೆ ಈ ಪಕ್ಕದವಳು ಭಾಲ್ಕಿಗೆ ಹೋಗುತ್ತಾಳೆ, ಡಾಕ್ಟರರ ಲೆಕ್ಕ ಸುಳ್ಳು ಹೇಳುತ್ತದೆ, ಆಣೆ ಅವನಿಗೆ ತಿಳಿಯಬಾರದು ಅಂತ, ಡಾಕ್ಟರರಿಗೆ ತಿಳಿಯಬಾರದು ಅಂತ ಅಲ್ಲವಲ್ಲ, ಅವನು ದೂರ ಇದ್ದಾನೆ, ಫ್ಯಾನಿನ ಸಪ್ಪಳ ಇದೆ, ಮೆಲ್ಲಗೆ ಅಂದರೆ ಈ ಮೇಜು ದಾಟುವುದಿಲ್ಲ, ಮುಷ್ಟಿ ಬಿಗಿ ಹಿಡೀರಿ ಅಣ್ಣಾ, ಅತ್ತ ಆಬೇದಾಳ ದನಿ, ಬಿಗಿದ ಮುಷ್ಟಿ, ಕಿರುಬೆರಳಿನಿಂದ ಶುರು ಮಾಡಿ, ಹೆಬ್ಬೆರಳು ಕಡೆಗೆ, ಬಾಯಿ, ಅಂದಳು ಶೇವಂತಾಬಾಯಿ, ಬಾಯಿ, ಆ ಡಾಬಕಾದ ಮನಿ, ನಮ್ಮ ಮನಿ, ಎರಡಂತ ಎಣಸಬ್ಯಾಡ್ರಿ — ಕರೆಂಟು ಹೋಯಿತು, ಫ್ಯಾನು ಒಮ್ಮೆಲೇ ನಿಂತಿತು, ಕೋಣೆಯೆಲ್ಲ ಸ್ತಬ್ಧ, ಆದರೆ ಹೊರಟ ಮಾತು ನಾಲಗೆ ದಾಟಿಬಿಟ್ಟಿತ್ತು — ಅಂವ ನಾ ಹಡದವ. ಕೌಸಲ್ಯಾಳ ಕೈಯ ಹತ್ತಿ ನೆಲಕ್ಕೆ ಬಿತ್ತು, ಡಾಕ್ಟರರ ಪೆನ್ನು ನಿಂತಿತು, ಗೋರಖನಾಥನ ಮುಖ ನೋಡಲು ಕಣ್ಣು ಏರುವುದಿಲ್ಲ, ತೋಳಿನ ಮಟ್ಟದಲ್ಲೇ ನಿಂತಿದೆ, ಆಯ್ತ್ರಿ ಅಣ್ಣಾ, ಬಿಚ್ಚಿರಿ, ಅನ್ನುತ್ತಾಳೆ ಆಬೇದಾ, ಸೂಜಿ ತೆಗದೀನಿ, ಬಿಚ್ಚಿರಿ, ಬಿಚ್ಚುವುದಿಲ್ಲ, ಗೆಣ್ಣು ಬೆಳ್ಳಗಾಗಿದೆ, ಹೆಬ್ಬೆರಳು ಮೇಲೆ ಮಡಚಿ ಕೂತಿದೆ, ಬಿಚ್ಚಿರಿ ಅಣ್ಣಾ, ಬಿಚ್ಚುವುದಿಲ್ಲ, ಆ ಮುಷ್ಟಿ, ಆ ಮುಷ್ಟಿ —