ಡಾಕ್ಟರು ಹೇಳಿದ ಮೂರು ಮಾತು

ಬೆಂಗಳೂರಿನ ಆಸ್ಪತ್ರೆಯಿಂದ ಅತ್ತೆಯನ್ನು ಮನೆಗೆ ಕಳುಹಿಸುವ ದಿನ ಡಾಕ್ಟರು ಕೋಮಲವಲ್ಲಿಯನ್ನು ವರಾಂಡಕ್ಕೆ ಕರೆದು ಮೂರು ಮಾತು ಹೇಳಿದರು. ನೆಲದ ಮೇಲೆ ಕೂರಿಸಬೇಡಿ. ಕುಕ್ಕರಗಾಲಿನಲ್ಲಿ ಕೂರಿಸಬೇಡಿ. ಕಾಲ ಮೇಲೆ ಕಾಲು ಹಾಕಲು ಬಿಡಬೇಡಿ.

"ಮುರಿದ ತೊಡೆ ಮೂಳೆಯ ತಲೆ ಮಾತ್ರ ತೆಗೆದು ಉಕ್ಕಿನ ಗುಂಡು ಇಟ್ಟಿದ್ದೀವಮ್ಮ. ಸೊಂಟದ ಗೂಡು ಅವರದೇ, ಹಳೇದು. ಕೆಳಗೆ ಕೂತು ಮುಂದಕ್ಕೆ ಬಗ್ಗಿದರೆ ಗುಂಡು ಗೂಡಿಂದ ಆಚೆ ಬಂದುಬಿಡುತ್ತೆ. ಅವರಿಗೇ ಹೇಳೋಣ ಅಂದ್ರೆ, ನನ್ನ ಕಂಡ ಕೂಡಲೇ ಆ ಕಡೆ ತಿರುಗಿ ಸ್ತೋತ್ರ ಶುರು ಮಾಡ್ತಾರೆ."

ಅದು ನಿಜ. ಬೇಲೂರಿನ ಮನೆಯ ಬಚ್ಚಲಲ್ಲಿ ಒದ್ದೆ ಮಡಿಸೀರೆ ತೊಡರಿ ಬಿದ್ದ ಶ್ರೀರಂಗಮ್ಮನವರಿಗೆ ಮೂಳೆ ಮುರಿದದ್ದಕ್ಕಿಂತ ಕಂಡಕಂಡವರನ್ನು ಮುಟ್ಟುವ ಡಾಕ್ಟರು ತಮ್ಮನ್ನೂ ಮುಟ್ಟಿದರಲ್ಲ ಎಂಬುದೇ ದೊಡ್ಡ ಸಂಕಟವಾಗಿತ್ತು. ಮಗ ರಾಮಾನುಜ ಆ ಹೊತ್ತಿಗೆ ಜಟಕಾ ತರಲು ಹೋಗಿದ್ದ. ಮೂರು ಮಾತು ಕೇಳಿಸಿಕೊಂಡವಳು ಸೊಸೆ ಒಬ್ಬಳೇ.

ರೈಲು ತಿಪಟೂರು ದಾಟಿದ ಮೇಲೆ ಅವಳು ಬಾಯಿ ತೆರೆದಳು. "ಅತ್ತೆ, ಡಾಕ್ಟರು ಒಂದು ವಿಷಯ..."

"ಸುಮ್ಮನಿರೇ! ಅರಸೀಕೆರೆ ಸ್ಟೇಷನ್ನಿನ ನಲ್ಲೀನೀರು ಕುಡಿದು ಬೆಳೆದೋಳು ನನಗೆ ಬುದ್ಧಿ ಹೇಳ್ತಾಳಂತೆ. ಅಪ್ಪ ರೈಲಿಗೆ ಬಾವುಟ ಬೀಸ್ಕೊಂಡಿದ್ದ, ಮಗಳು ನಾಲಿಗೆ ಬೀಸ್ತಾಳೆ."

ಎದುರು ಸೀಟಿನವರು ನಕ್ಕರು. ರಾಮಾನುಜ ಕಿಟಕಿಯಾಚೆಯ ತೆಂಗಿನ ಮರಗಳನ್ನು ನೋಡುತ್ತ ಕುಳಿತ. ಕೋಮಲವಲ್ಲಿ ಬಾಯಿ ಮುಚ್ಚಿದಳು.

ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಎನ್ನುತ್ತ ವಾರ ಕಳೆಯಿತು. ನೋವಿದ್ದಷ್ಟು ದಿನ ಅತ್ತೆ ತಾವಾಗಿಯೇ ಮಂಚ ಬಿಟ್ಟು ಇಳಿಯಲಿಲ್ಲ. ಬಹಿರ್ದೆಸೆಗೆಂದು ರಾಮಾನುಜ ಕುರ್ಚಿಯೊಂದಕ್ಕೆ ತೂತು ಕೊರೆಸಿದ್ದ. ಹೇಳುವ ಅಗತ್ಯವೇ ಬೀಳಲಿಲ್ಲ.

ಮೂರನೆಯ ತಿಂಗಳಿಗೆ ಮಾವನವರ ಶ್ರಾದ್ಧ ಬಂತು. ನೋವು ಹೋಗಿತ್ತು. ಶ್ರೀರಂಗಮ್ಮನವರು ಬೆಳಗ್ಗೆಯೇ ತಣ್ಣೀರು ಸುರಿದುಕೊಂಡು, ಮಡಿಯುಟ್ಟು, ಕೋಲೂರಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದರು. ಹದಿನೈದು ವರ್ಷಗಳಲ್ಲಿ ಒಮ್ಮೆಯೂ ಶ್ರಾದ್ಧದ ಒಲೆಯ ಮುಂದೆ ಸೊಸೆಯನ್ನು ಕೂರಲು ಬಿಟ್ಟವರಲ್ಲ. ಮಡಿಯಲ್ಲಿದ್ದರೂ ಅವಳದು ತರಕಾರಿ ಹೆಚ್ಚುವ, ನೀರು ಸೇದುವ ಕೆಲಸ.

"ಮಣೆ ಹಾಕೇ. ನಿನ್ನ ಕೈಯಡಿಗೆ ಉಂಡ್ರೆ ನಮ್ಮೋರು ಅಲ್ಲಿಂದಲೇ ಎದ್ದು ಹೋಗ್ತಾರೆ."

ಈಗ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕೋಮಲವಲ್ಲಿ ಗೋಡೆಗೊರಗಿಸಿದ್ದ ಎರಡು ಮಣೆಗಳಲ್ಲಿ ತಗ್ಗಿನದನ್ನು ತಂದು ಒಲೆಯ ಮುಂದೆ ಹಾಕಿದಳು. "ಹುಷಾರು ಅತ್ತೆ," ಎಂದಳು. ಅಷ್ಟೇ.

ಮುದುಕಿ ಕುಳಿತರು. ಏನೂ ಆಗಲಿಲ್ಲ. ಹಾಗಲಕಾಯಿ ಪಲ್ಯ ಮುಗಿಯಿತು, ಬಾಳೆಕಾಯಿ ಮುಗಿಯಿತು. ಸದ್ಯ, ಎಂದು ಕೋಮಲವಲ್ಲಿಯ ಎದೆ ಹಗುರವಾಯಿತು. ಹಗುರವಾದ ಎದೆಯ ಮೂಲೆಯಲ್ಲಿ ಸಣ್ಣದೊಂದು ನಿರಾಸೆಯೂ ಇತ್ತು. ಅದನ್ನು ಕಂಡು ಅವಳಿಗೇ ಹೆದರಿಕೆಯಾಯಿತು.

ಉದ್ದಿನ ಹಿಟ್ಟಿನ ಪಾತ್ರೆ ಎಳೆದುಕೊಳ್ಳಲು ಶ್ರೀರಂಗಮ್ಮನವರು ಕುಳಿತಲ್ಲೇ ಮುಂದಕ್ಕೆ ಬಗ್ಗಿದರು. ಸೊಂಟದೊಳಗೆಲ್ಲೋ ಲಟಕ್ಕೆಂದು ಸದ್ದಾಯಿತು. ಪಕ್ಕಕ್ಕೆ ಉರುಳಿದರು. ಕಾಲು ಒಳಕ್ಕೆ ತಿರುಚಿಕೊಂಡಿತ್ತು.

"ಅವರನ್ನ ಕರೀತೀನಿ," ಎಂದಳು ಸೊಸೆ.

"ಬೇಡ!" ಮುದುಕಿ ಸೆರಗು ಕಚ್ಚಿಕೊಂಡರು. "ಅವನು ಸಂಕಲ್ಪ ಮಾಡಿ ಕೂತಿದಾನೆ. ಎದ್ದು ಬಂದ್ರೆ ಶ್ರಾದ್ಧ ಕೆಡ್ತು. ಹೊರಗಿನೋರು ಒಳಗೆ ಬಂದ್ರೆ ಮಡಿ ಹೋಯ್ತು. ಬ್ರಾಹ್ಮಣರ ಊಟ ಮುಗೀಲಿ. ನೀನೇ... ನೀನೇ ವಡೆ ಕರಿ."

ಕೋಮಲವಲ್ಲಿ ಆ ಮಾತನ್ನು ಅಕ್ಷರಶಃ ಪಾಲಿಸಿದಳು. ಅದೇ ಮಣೆಯ ಮೇಲೆ ಕುಳಿತು ವಡೆ ತಟ್ಟಿದಳು. ಆತುರಪಡಲಿಲ್ಲ. ಬಡಿಸಲು ಎದ್ದಾಗಲೆಲ್ಲ ಅತ್ತೆಯ ಕಾಲನ್ನು ಬಳಸಿಕೊಂಡು ಹೋದಳು, ಬಳಸಿಕೊಂಡು ಬಂದಳು. ತಲೆಯ ಕೆಳಗೆ ಒಂದು ಬಟ್ಟೆ ಮಡಿಸಿ ಇಡಬಹುದಿತ್ತು. ಇಡಲಿಲ್ಲ. ಎರಡೂವರೆ ಗಂಟೆ ಹೊತ್ತು ಮುದುಕಿ ನೆಲದ ಮೇಲೆ ನರಳುತ್ತಿದ್ದರು. ನಡುಮನೆಯಲ್ಲಿ ಬ್ರಾಹ್ಮಣರು ವಡೆ ಬಹಳ ಹದವಾಗಿದೆ ಎಂದರು.

ಬಸ್ಸು, ರೈಲು, ಮತ್ತೆ ಬೆಂಗಳೂರು. ಗುಂಡನ್ನು ಗೂಡಿಗೆ ಕೂರಿಸಲು ಹೋದಾಗ ಅದರ ಕೆಳಗಿನ ಮೂಳೆಯೂ ಸೀಳಿತು. ಡಾಕ್ಟರು ಗುಂಡನ್ನೇ ತೆಗೆದುಹಾಕಿದರು. ಇನ್ನು ನಡೆಯುವ ಮಾತಿಲ್ಲ ಎಂದರು.

"ನಾನು ಅಷ್ಟು ಹೇಳಿದ್ದೆ. ಇವರಿಗೆ ಯಾರೂ ತಿಳಿಸಲಿಲ್ವೇನ್ರೀ?"

"ದಿನಾ ಹೇಳ್ತಿದ್ದೆ ಡಾಕ್ಟ್ರೇ," ಎಂದಳು ಕೋಮಲವಲ್ಲಿ. ಸುಳ್ಳು ಇಷ್ಟು ಸಲೀಸಾಗಿ ಬಂದೀತೆಂದು ಅವಳಿಗೇ ಗೊತ್ತಿರಲಿಲ್ಲ.

"ಸುಳ್ಳು ಕಣೋ ರಾಮಾ! ಒಂದು ದಿನವೂ ಹೇಳಲಿಲ್ಲ."

"ಸಾಕಮ್ಮ," ಎಂದ ರಾಮಾನುಜ. "ಹದಿನೈದು ವರ್ಷದಿಂದ ಕೇಳಿದ್ದೀನಿ, ಅವಳು ಅದು ಮಾಡಲಿಲ್ಲ, ಇದು ಮಾಡಲಿಲ್ಲ ಅಂತ. ಅವಳ ಮಾತು ಯಾವತ್ತು ನಿನ್ನ ಕಿವಿಗೆ ಬಿದ್ದಿದೆ?"

ಬೇಲೂರಿಗೆ ಮರಳಿದ ಮೇಲೆ ಮಲಗಿದ್ದಲ್ಲೇ ಒಂದು ಮಧ್ಯಾಹ್ನ ಶ್ರೀರಂಗಮ್ಮನವರು ತಗ್ಗಿದ ದನಿಯಲ್ಲಿ ಕೇಳಿದರು. "ನಾನಿನ್ನು ಯಾರಿಗೂ ಹೇಳಲ್ಲ ಕಣೇ. ನಿಜ ಹೇಳು. ಯಾಕೆ ಮುಚ್ಚಿಟ್ಟೆ?"

"ಬೆನ್ನು ಒರೆಸಬೇಕು ಅತ್ತೆ, ಹೊರಳಿ," ಎಂದಳು ಕೋಮಲವಲ್ಲಿ. ಹೊರಳುವವರೆಗೆ ಕಾಯದೆ ಮುರಿದ ಮಗ್ಗುಲಿಗೆ ಕೈಹಾಕಿ ಒಮ್ಮೆಲೇ ಎತ್ತಿದಳು. ಮುದುಕಿಯ ಕೂಗು ಬೀದಿಗೆ ಕೇಳಿಸಿತು.

"ಮೆಲ್ಲಗೆ ಕೂಗಮ್ಮ," ಎಂದ ರಾಮಾನುಜ ಜಗಲಿಯಿಂದಲೇ. "ಅಕ್ಕಪಕ್ಕದೋರು ಅವಳನ್ನ ಏನಂದುಕೊಂಡಾರು?"