ಬೆನ್ನಿಗೆ ಪೌಡರ್

"ಇವತ್ತೂ ಪೌಡರ್ ಇಲ್ಲೇನ್ರಿ? ದವಾಖಾನಿ ದಿವಾಳಿ ಎದ್ದೈತೇನು ಮತ್ತ?" ಎಂದು ಸೂಗಮ್ಮ ಕೇಳಿದಾಗ ಪಕ್ಕದ ಹಾಸಿಗೆಯವರೂ ನಕ್ಕರು.

ನರ್ಸ್ ಶರಣಬಸಮ್ಮ, ಸೂಗಮ್ಮನ ಗಂಡ, ಲಕ್ವಾ ಹೊಡೆದು ಬಲಭಾಗದ ಸ್ವಾಧೀನ ತಪ್ಪಿದ ಅಮರೇಶಪ್ಪನವರನ್ನು ಮೆಲ್ಲಗೆ ಎಡಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಆನಿಸಿದಳು. ಸೊಂಟದ ಕೆಳಗೆ, ಎಲುಬಿನ ಮೇಲೆ, ಕುಂಕುಮ ಒರೆಸಿದಂತೆ ಕೆಂಪು. ಅವಳ ಕೈ ತಾನಾಗಿಯೇ ಟ್ರಾಲಿಯ ಮೇಲಿನ ಪೌಡರ್ ಡಬ್ಬಿಯ ಕಡೆ ಹೋಗಿ ಹಿಂದೆ ಬಂತು.

ಹೈದರಾಬಾದಿನ ಕುಷಾಯಿಗೂಡದ ಈ ಆಸ್ಪತ್ರೆಯಲ್ಲಿ ಅವಳಿಗೆ ಹೆಸರು ಬಂದದ್ದೇ ಆ ಕೈಯಿಂದ. ಹಾಸಿಗೆ ಹಿಡಿದವರ ಬೆನ್ನಿಗೆ ಸ್ಪಿರಿಟ್ ಹಚ್ಚಿ, ಪೌಡರ್ ಉದುರಿಸಿ, ಕೆಂಪಾದಲ್ಲಿ ಅಂಗೈಯಿಂದ ಗಸಗಸ ತಿಕ್ಕುತ್ತಿದ್ದಳು. "ಶರಣಮ್ಮ ಸಿಸ್ಟರ್ ಬಂದ್ರ ನಿದ್ದಿ ಬರತೈತಿ" ಎನ್ನುತ್ತಿದ್ದರು ರಾಯಚೂರು ಕಡೆಯ ರೋಗಿಗಳು.

ಆಮೇಲೆ ನರ್ಸುಗಳಿಗೆ ಕಲಿಸಲು ಪ್ರಫುಲ್ಲಾ ಬಂದಳು. ಗಂಡನ ಹೈಟೆಕ್ ಸಿಟಿ ನೌಕರಿಯ ಹಿಂದೆ ಉಡುಪಿಯಿಂದ ಬಂದವಳು. ಹೊಸ ಸಂಶೋಧನೆ ಹೇಳುವುದನ್ನು ನರ್ಸುಗಳ ದಿನದ ಕೆಲಸಕ್ಕೆ ಇಳಿಸುವುದು ಅವಳ ಹೊಣೆ. ಅಮರೇಶಪ್ಪನವರ ಹಾಸಿಗೆಯ ಪಕ್ಕದಲ್ಲೇ ನಿಂತು ಹೇಳಿದ್ದಳು: "ಅಕ್ಕಾ, ಕೆಂಪಾದಲ್ಲಿ ಬೆರಳಿಂದ ಒತ್ತಿ, ಬಿಟ್ಟು ನೋಡಿ. ಬಿಳಿಯಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡ್ತಾ ಇದೆ ಅಂತ. ಬಿಳಿಯಾಗದಿದ್ರೆ ಒಳಗೆ ಮಾಂಸ ನೊಂದಿದೆ ಅಂತ. ತಿಕ್ಕಿದ್ರೆ ಇನ್ನೂ ಕೆಡುತ್ತೆ ಅಂತ ಪರೀಕ್ಷೆ ಮಾಡಿದವರು ಹೇಳ್ತಾರೆ."

"ನಾ ತಿಕ್ಕಿದ ಬೆನ್ನು ನೀ ಎಷ್ಟು ನೋಡೀಯವ್ವಾ?"

"ಒಂದೂ ಇಲ್ಲ. ಅದಕ್ಕೇ ನೀವೇ ನೋಡಿ ಹೇಳಿ. ಇವರೊಬ್ಬರದ್ದು ಸಾಕು."

ಶರಣಬಸಮ್ಮ ಒತ್ತಿದ್ದಳು. ಕೆಂಪು ಕೆಂಪಾಗಿಯೇ ಉಳಿದಿತ್ತು. ಅಂದಿನಿಂದ ತಿಕ್ಕುವುದಿಲ್ಲ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಅಷ್ಟೇ. ಆ ಜಾಗ ಒಡೆದು ಹುಣ್ಣಾದರೆ ಅಮರೇಶಪ್ಪ ಮನೆಗೆ ಹೋಗುವ ಮಾತು ದೂರವಾಗುತ್ತಿತ್ತು. ಆಮೇಲೆ ಸೂಗಮ್ಮನ ಎದುರು ಹೇಗೆ ನಿಲ್ಲುವುದು?

ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ಸರಿಸಿದರೆ, ಸೂಗಮ್ಮ ಮನೆಯಿಂದ ತಂದ ಪೌಡರನ್ನು ಅಂಗೈಗೆ ಸುರಿದುಕೊಂಡು ಗಂಡನ ಬೆನ್ನಿನ ಮೇಲೆ ಬಾಗಿದ್ದಳು. ಶರಣಬಸಮ್ಮ ಸುಮ್ಮನೆ ಹಿಂದೆ ಸರಿಯಬಹುದಿತ್ತು. ಹುಣ್ಣಾದರೆ ತಪ್ಪು ತಿಕ್ಕಿದ ಹೆಂಡತಿಯದು. ವಾಸಿಯಾದರೆ ಪ್ರಫುಲ್ಲಾ ಹೇಳಿದ್ದು ಸುಳ್ಳು. ಅವಳು ಒಳಗೆ ಹೋಗಿ ಆ ಕೈ ಹಿಡಿದಳು.

"ಬ್ಯಾಡ್ರಿ ಅಕ್ಕಾ."

"ನೀವೇ ತಿಕ್ಕತಿದ್ರಲ್ರೀ!"

"ಹೌದ್ರಿ, ತಿಕ್ಕತಿದ್ದೆ. ಇನ್ನ ತಿಕ್ಕಂಗಿಲ್ಲ."

ಸೂಗಮ್ಮ ಪೌಡರ್ ತುಂಬಿದ ಅಂಗೈ ಮುಂದೆ ಚಾಚಿದಳು. "ಮತ್ತ ನಾ ಏನ್ ಮಾಡ್ಲಿ? ಹಗಲೆಲ್ಲ ಕುಂತು ಇವರ ಮಾರಿ ನೋಡ್ಲಿ?"

ಶರಣಬಸಮ್ಮನ ಕೈಗಳಿಗೂ ಈಚೆಗೆ ಏನು ಮಾಡುವುದೆಂಬುದೇ ಗೊತ್ತಾಗುತ್ತಿರಲಿಲ್ಲ. ಅಮರೇಶಪ್ಪನವರ ಮಡಚಿಕೊಂಡ ಬಲಗೈ ಬೆರಳುಗಳನ್ನು ಬಿಡಿಸಿ ಸೂಗಮ್ಮನ ಮುಂದಿಟ್ಟಳು. "ಇಲ್ಲಿ ಹಚ್ರಿ. ಮೆಲ್ಲಕ."

"ಮದುಮಗನ್ನ... ಮಾಡಾಕತ್ತಿಯೇನು?" ಅಮರೇಶಪ್ಪ ತೊದಲಿದರು.

"ಸುಮ್ಕಿರ್ರಿ," ಎಂದಳು ಸೂಗಮ್ಮ, ಒಂದೊಂದೇ ಬೆರಳು ಸವರುತ್ತ.

ಶರಣಬಸಮ್ಮ ಬೆನ್ನಿನ ಕಡೆ ಬಂದು ಅಂಗಿ ಸರಿಸಿದಳು. ಕೆಂಪಿನ ನಡುವೆ ಬೆರಳು ಊರಿ, ಎತ್ತುವ ಮುನ್ನ ಒಂದು ಗಳಿಗೆ ಹಾಗೇ ನಿಂತಳು. ಬೆರಳು ಬಿಟ್ಟಲ್ಲಿ ಸಣ್ಣದೊಂದು ಬಿಳುಪು ಮೂಡಿತು. ಅಂಚಿನಿಂದ ಮೆಲ್ಲಗೆ ಕೆಂಪು ತುಂಬಿಕೊಂಡು ಬಂತು.

ಅವಳು ಮತ್ತೊಮ್ಮೆ ಒತ್ತಿ ನೋಡಿದಳು.